ಸೈಕಲ್ ಕಟ್ಟೆ: ಕಾಲಿಗೂ ಒಂದು ಕಾಟಾ ಬೇಕೇ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಪವರ್ ಮೀಟರ್ ಬಗ್ಗೆಯೇ ಇವೆ. ಸೈಕಲ್ ತುಳಿಯುವವರ ಕಾಲಿನ ಶಕ್ತಿಯನ್ನು ವಾಟ್ ಲೆಕ್ಕದಲ್ಲಿ ಅಳೆಯುವ ಚಿಕ್ಕ ಸಾಧನ ಅದು. ಮಳೆಗಾಲ ಮುಗಿದು ಪುಣೆಯ ರಸ್ತೆಗಳಲ್ಲಿ ಸೈಕಲ್‌ಗಳು ಮತ್ತೆ ಕಾಣಿಸಿಕೊಳ್ಳುವ ಹೊತ್ತು ಇದು. ದೀಪಾವಳಿ ಬೋನಸ್ ಬರುವ ಹೊತ್ತೂ ಹೌದು, ಅಲ್ವಾ! ಹಾಗಾಗಿ ಈ ಸಲ ಟೈರು, ಸೀಟು, ಸೊಂಟನೋವಿನ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಬರೆದವರು ಬೇಜಾರಾಗಬೇಡಿ, ಮುಂದಿನ ತಿಂಗಳು ಉತ್ತರ ಬರುತ್ತದೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ. ಊರು ಬೆಳಗಾವಿ ಜಿಲ್ಲೆಯ ಗೋಕಾಕ ಕಡೆ. ಪುಣೆಗೆ ಬಂದು 31 ವರ್ಷ. ಚಿಂಚವಡದ ಒಂದು ಕಾರ್ಖಾನೆಯಲ್ಲಿ ತೂಕದ ಕಾಟಾಗಳ ರಿಪೇರಿ ಮತ್ತು ತಪಾಸಣೆ ನನ್ನ ಕೆಲಸವಾಗಿತ್ತು. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹತ್ತಿ ನಿಲ್ಲುತ್ತದಲ್ಲ, ಆ ಕಾಟಾ. ಈಗ ನಿವೃತ್ತ. ವಯಸ್ಸು 61. ವಾರಕ್ಕೆ ನಾಲ್ಕು ದಿನ ಸೈಕಲ್, ಉಳಿದ ಮೂರು ದಿನ ಸೈಕಲ್ ಬಗ್ಗೆ ಮಾತು.

ಪ್ರಶ್ನೆ: ಕಾಕಾ, ನಮಸ್ಕಾರ. ನನಗೆ 41 ವರ್ಷ. ಪ್ರತಿ ಭಾನುವಾರ ಖಡಕ್ವಾಸ್ಲಾ ಕಡೆಗೆ, ತಿಂಗಳಿಗೊಮ್ಮೆ ಸಿಂಹಗಡಕ್ಕೆ ಹೋಗುತ್ತೇನೆ. ನಮ್ಮ ಗುಂಪಿನಲ್ಲಿ ನಾಲ್ವರು ಪವರ್ ಮೀಟರ್ ಹಾಕಿಸಿದ್ದಾರೆ. ಚಹಾ ಕುಡಿಯುವಾಗಲೂ ವಾಟ್ ಲೆಕ್ಕವೇ. ಅಂಗಡಿಯಲ್ಲಿ ಎಡಗಡೆ ಕ್ರ್ಯಾಂಕಿನದ್ದಕ್ಕೆ (ಪೆಡಲ್ ಸಿಕ್ಕಿಸುವ ತೋಳಿಗೆ ಹಾಕುವಂಥದ್ದು) 32 ಸಾವಿರ ಹೇಳಿದರು. ನನ್ನ ಹೆಂಡತಿ, "ಎಷ್ಟು ಸುಸ್ತಾಗಿದೆ ಅಂತ ತಿಳಿಯೋಕೆ ಅಷ್ಟು ದುಡ್ಡಾ? ಬಾಗಿಲಲ್ಲಿ ನಿಂತು ಮುಖ ನೋಡಿ ನಾನೇ ಹೇಳ್ತೀನಿ" ಎನ್ನುತ್ತಾಳೆ. ರೇಸ್ ಓಡುವ ಆಸೆ ನನಗಿಲ್ಲ. ತೆಗೆದುಕೊಳ್ಳಲೇ, ಬೇಡವೇ?
– ಐಟಿ ನೌಕರ, ಕೋಥ್ರೂಡ್

ಉತ್ತರ: ತಮ್ಮಾ, ನಿನ್ನ ಮನೆಯವರ ಮಾತಿನಲ್ಲಿ ಹುರುಳಿದೆ. ಒಂದೇ ತೊಂದರೆ, ಅವರು ಹೇಳುವ ಹೊತ್ತಿಗೆ ನೀನು ಸುಸ್ತಾಗಿ ಮನೆ ಮುಟ್ಟಿರುತ್ತೀಯ. ಘಾಟಿನ ಮೊದಲ ತಿರುವಿನಲ್ಲೇ ಯಾರಾದರೂ "ಸಾಕು, ನಿಧಾನ" ಅಂದಿದ್ದರೆ ಆ ಮುಖ ಅಷ್ಟು ಬಾಡುತ್ತಿರಲಿಲ್ಲ. ಮೀಟರಿನ ಉಪಯೋಗ ಅಲ್ಲಿದೆ.

ಮೊದಲು ಅದರೊಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ಕಾಟಾದ ವೇದಿಕೆ ಕೆಳಗೆ ಲೋಡ್ ಸೆಲ್ ಅಂತ ಉಕ್ಕಿನ ತುಂಡುಗಳಿರುತ್ತವೆ. ಮೇಲೆ ಭಾರ ಬಿದ್ದಾಗ ಉಕ್ಕು ಬಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆ ಉಕ್ಕಿಗೆ ಅಂಚೆಚೀಟಿಗಿಂತ ಚಿಕ್ಕದಾದ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಚಿ ಎಳೆದ ಲೋಹದ ತೆಳು ಗೆರೆ. ಸ್ಟ್ರೇನ್ ಗೇಜ್ ಅಂದರೆ ಅದೇ. ಉಕ್ಕು ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ, ಅದರಲ್ಲಿ ಹರಿಯುವ ಕರೆಂಟಿಗೆ ತಡೆ ಒಂಚೂರು ಜಾಸ್ತಿಯಾಗುತ್ತದೆ. ಆ ಒಂಚೂರನ್ನು ಅಳೆದು ಟ್ರ್ಯಾಕ್ಟರಿನಲ್ಲಿ ಎಷ್ಟು ಟನ್ ಕಬ್ಬಿದೆ ಅಂತ ಹೇಳುವುದು ನಮ್ಮ ಕೆಲಸವಾಗಿತ್ತು. ನಿನ್ನ ಗೆಳೆಯರ ಕ್ರ್ಯಾಂಕಿಗೆ ಅಂಟಿಕೊಂಡ ಕಪ್ಪು ಡಬ್ಬಿಯೊಳಗೂ ಅದೇ ಇದೆ. ಮೊದಲ ಸಲ ಅದನ್ನು ಬಿಚ್ಚಿದ ಫೋಟೊ ನೋಡಿದಾಗ, ಯಾರದೋ ಮದುವೆಯಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕ ಹಾಗಾಯಿತು ನನಗೆ. ಇದನ್ನು ಸೈಕಲ್ಲಿಗೆ ತಂದವರು ಜರ್ಮನಿಯ ಉಲ್ರಿಚ್ ಶೋಬೆರರ್ ಎಂಬ ಎಂಜಿನಿಯರ್, 1986ರಲ್ಲಿ. ಅವರ ಎಸ್‌ಆರ್‌ಎಂ ಮೀಟರನ್ನು ಆಗ ಕೊಳ್ಳುವ ಶಕ್ತಿ ಇದ್ದದ್ದು ದೊಡ್ಡ ಸವಾರರಿಗೆ, ಪ್ರಯೋಗಾಲಯದವರಿಗೆ ಮಾತ್ರ. ಈಗ ಕೋಥ್ರೂಡಿನ ಚಹಾದಂಗಡಿವರೆಗೂ ಬಂದಿದೆ.

ಕ್ರ್ಯಾಂಕಿನ ಮೇಲೆ ಕಾಲು ಹಾಕುವ ತಿರುಚುಬಲ ಎಷ್ಟು, ಅದು ಎಷ್ಟು ಬೇಗ ತಿರುಗುತ್ತಿದೆ, ಇವೆರಡರ ಗುಣಾಕಾರವೇ ವಾಟ್. ಇದರಲ್ಲಿ ಒಂದು ಗಮ್ಮತ್ತಿದೆ. 170 ಮಿ.ಮೀ. ಉದ್ದದ ಕ್ರ್ಯಾಂಕಿನಲ್ಲಿ 150 ವಾಟ್ ಕೊಡುತ್ತಿದ್ದೀಯ ಅಂದುಕೋ. ನಿಮಿಷಕ್ಕೆ 90 ಸುತ್ತು ತುಳಿದರೆ ಪೆಡಲ್ ಮೇಲೆ ಬೀಳುವ ಒತ್ತಡ ಸರಾಸರಿ ಒಂಬತ್ತೂವರೆ ಕೆ.ಜಿ. ಭಾರದಷ್ಟು. ದೊಡ್ಡ ಗೇರ್ ಹಾಕಿಕೊಂಡು 60 ಸುತ್ತು ತುಳಿದರೆ ಅದೇ 150 ವಾಟಿಗೆ ಹದಿನಾಲ್ಕು ಕೆ.ಜಿ. ದಾಟುತ್ತದೆ. ಪರದೆಯ ಮೇಲಿನ ಅಂಕಿ ಎರಡೂ ಕಡೆ ಒಂದೇ. ಮೊಣಕಾಲಿಗೆ ಒಂದೇ ಅಲ್ಲ. ಗುಂಪಿನಲ್ಲಿ ವಾಟ್ ಬಗ್ಗೆ ಜೋರಾಗಿ ಮಾತಾಡುವವರನ್ನು ಕೇಳು, ಎಷ್ಟು ಸುತ್ತಿಗೆ ಅಂತ.

ಈಗ ಸಿಂಹಗಡಕ್ಕೆ ಬಾ. ಬುಡದ ಹಳ್ಳಿಯಿಂದ ಮೇಲಿನ ಪಾರ್ಕಿಂಗ್‌ವರೆಗೆ ನನ್ನ ಸೈಕಲ್ ಕಂಪ್ಯೂಟರ್ ಲೆಕ್ಕದಲ್ಲಿ ಸುಮಾರು 9 ಕಿ.ಮೀ., ಹತ್ತುವ ಎತ್ತರ ಹತ್ತಿರಹತ್ತಿರ 600 ಮೀಟರ್. ಮೀಟರ್ ಹಾಕಿಸುವ ಮುಂಚೆ ನನ್ನ ಕಥೆ ಪ್ರತಿ ಸಲ ಒಂದೇ. ಬುಡದಲ್ಲಿ ತಂಪು, ಹೊಟ್ಟೆಯಲ್ಲಿ ಬಾಳೆಹಣ್ಣು, ಮುಂದೆ ಯಾರೋ ಹುಡುಗ. ಅವನ ಹಿಂದೆ ಬೀಳುತ್ತಿದ್ದೆ. ಐದನೇ ಕಿಲೋಮೀಟರಿಗೆ ಬರುವಾಗ ಹುಡುಗ ಮಾಯ, ನನ್ನ ಉಸಿರೂ ಮಾಯ. 64 ನಿಮಿಷಕ್ಕೆ ಹೇಗೋ ಮೇಲೆ ಮುಟ್ಟಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ. ಮೀಟರ್ ಬಂದ ಮೇಲೆ ಗೊತ್ತಾಯಿತು, ಮೊದಲ ಎರಡು ಕಿಲೋಮೀಟರ್ ನಾನು 230 ವಾಟಿನಲ್ಲಿ ತುಳಿಯುತ್ತಿದ್ದೆ. ಅಷ್ಟು ಹೊತ್ತು ಅದು ಕಷ್ಟ ಅನ್ನಿಸುತ್ತಲೇ ಇರಲಿಲ್ಲ, ಅದೇ ಮೋಸ. ಕೊನೆಯ ತಿರುವುಗಳಲ್ಲಿ 120ಕ್ಕೆ ಬಿದ್ದಿರುತ್ತಿತ್ತು. ಮುಂದಿನ ಸಲ ಬುಡದಿಂದಲೇ 160 ದಾಟಬಾರದು ಅಂತ ಹಟ ಹಿಡಿದೆ. ಎಂಥಾ ಅವಮಾನ ಗೊತ್ತಾ? ಮಗನಿಗೆ ಸೈಕಲ್ ಕಲಿಸುತ್ತಿದ್ದ ಒಬ್ಬರು ನನ್ನ ಪಕ್ಕದಲ್ಲೇ ನಡೆದುಕೊಂಡು ಬಂದರು. ಆದರೆ ಏಳನೇ ಕಿಲೋಮೀಟರಿನಲ್ಲೂ ಕಾಲಲ್ಲಿ ಅದೇ 160 ಉಳಿದಿತ್ತು. ಒಟ್ಟು 58 ನಿಮಿಷ. ಮೆಟ್ಟಿಲ ಮೇಲೆ ಕೂರಬೇಕು ಅನ್ನಿಸಲಿಲ್ಲ.

ಖಡಕ್ವಾಸ್ಲಾ ರಸ್ತೆಯಲ್ಲಿ ಎದುರುಗಾಳಿ ಇದ್ದ ದಿನವೂ ಹೀಗೆಯೇ. ವೇಗ 26ರಿಂದ 19ಕ್ಕೆ ಇಳಿದರೆ ಗಾಬರಿಯಾಗಿ ಜೋರಾಗಿ ತುಳಿಯುತ್ತೇವೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಗಾಳಿ ಇಲ್ಲದ ದಿನವೂ 25ರಿಂದ 30ಕ್ಕೆ ಹೋಗಬೇಕೆಂದರೆ ಆ ಬಾಬತ್ತಿಗೆ 1.7 ಪಟ್ಟು ಶಕ್ತಿ ಬೇಕು. ವೇಗ ನೋಡಿಕೊಂಡು ತುಳಿಯುವವನು ಎದುರುಗಾಳಿಯಲ್ಲಿ ಖಾಲಿಯಾಗುತ್ತಾನೆ. ವಾಟ್ ನೋಡಿಕೊಂಡವನು 19ರಲ್ಲೇ ಸಮಾಧಾನವಾಗಿ ಬರುತ್ತಾನೆ, ಬೈಯಿಸಿಕೊಳ್ಳುತ್ತಾನೆ, ಮನೆಗೆ ಬಂದು ಊಟ ಮಾಡಿ ಮಗಳನ್ನು ಪಾರ್ಕಿಗೂ ಕರೆದುಕೊಂಡು ಹೋಗುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೂ ನಿನಗೆ ನನ್ನ ಸಲಹೆ: ಈಗ ಬೇಡ. ವಾರಕ್ಕೆ ಒಂದೇ ದಿನ ಸೈಕಲ್ ತುಳಿಯುವವನಿಗೆ 32 ಸಾವಿರದ ಕಾಟಾ ಜಾಸ್ತಿಯಾಯಿತು. ಮೂರು ತಿಂಗಳು ಇದನ್ನು ಮಾಡಿ ನೋಡು. ಸೈಕಲ್, ಬಾಟಲಿ, ಶೂ, ಹೆಲ್ಮೆಟ್ ಎಲ್ಲ ಸೇರಿಸಿ ನಿನ್ನ ತೂಕ ನೋಡಿಕೋ. 92 ಕೆ.ಜಿ. ಬಂತು ಅನ್ನೋಣ. ಅದನ್ನು 9.8ರಿಂದ (ಭೂಮಿಯ ಎಳೆತದ ಅಂಕಿ), ಆಮೇಲೆ ಹತ್ತಿದ 600 ಮೀಟರಿನಿಂದ ಗುಣಿಸು. 5,40,960 ಬರುತ್ತದೆ. ಸಿಂಹಗಡ ಹತ್ತಲು 1 ಗಂಟೆ 10 ನಿಮಿಷ ಹಿಡಿದರೆ 4,200 ಸೆಕೆಂಡ್. ಭಾಗಿಸಿದರೆ 129. ಟೈರಿನ ಎಳೆತ, ಚೈನು, ಒಂದಿಷ್ಟು ಗಾಳಿಗೆ ಇನ್ನೊಂದು 20 ಸೇರಿಸು. ಸುಮಾರು 150 ವಾಟ್. ಕಡಿದಾದ ಏರಿನಲ್ಲಿ ಶಕ್ತಿಯ ಬಹುಪಾಲು ಭೂಮಿಯ ಎಳೆತದ ವಿರುದ್ಧವೇ ಖರ್ಚಾಗುವುದರಿಂದ ಈ ಲೆಕ್ಕ ದೊಡ್ಡದಾಗಿ ತಪ್ಪುವುದಿಲ್ಲ. ಸಪಾಟು ರಸ್ತೆಗೆ ಇದು ನಡೆಯದು. ಮೂರು ತಿಂಗಳಾದ ಮೇಲೂ ಬುಡದಲ್ಲಿ ಹುಡುಗರ ಹಿಂದೆ ಬೀಳುವ ಚಟ ಹೋಗದಿದ್ದರೆ, ವಾರಕ್ಕೆ ಮೂರು ದಿನ ಹೊರಡುವ ಅಭ್ಯಾಸ ಬಂದಿದ್ದರೆ, ಆಗ ತಗೋ. ತಗೊಳ್ಳುವ ಮುಂಚೆ ಎಡ ಕ್ರ್ಯಾಂಕಿಗೂ ಫ್ರೇಮಿಗೂ ನಡುವೆ ಡಬ್ಬಿ ಹಿಡಿಯುವಷ್ಟು ಜಾಗ ಇದೆಯಾ ಅಂತ ಬೆರಳಿಟ್ಟು ನೋಡು. ಇದನ್ನು ಮರೆತು ವಾಪಸ್ ಕೊಡಲು ಓಡಾಡಿದವರನ್ನು ಬಲ್ಲೆ.

ಪ್ರಶ್ನೆ: ಸರ್, ನಾನು ಕೊಲ್ವಾದಿಂದ ಕ್ಯಾವೆಲೊಸಿಂ ಕಡೆಗೆ ಬೆಳಿಗ್ಗೆ 30 ಕಿ.ಮೀ. ಸೈಕಲ್ ತುಳಿಯುತ್ತೇನೆ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಇದೆ. ಡಿಸೆಂಬರಿನಲ್ಲಿ 138 ತೋರಿಸುತ್ತಿದ್ದ ಅದೇ ವೇಗಕ್ಕೆ ಮೇ ತಿಂಗಳಲ್ಲಿ 152 ತೋರಿಸುತ್ತಿತ್ತು. ಪಟ್ಟಿ ಕೆಟ್ಟಿದೆಯಾ? ಪವರ್ ಮೀಟರ್ ತೆಗೆದುಕೊಂಡರೆ ಸರಿಯಾಗುತ್ತದೆಯಾ?
– ಹೋಟೆಲ್ ಮ್ಯಾನೇಜರ್, ಮಡಗಾಂವ್

ಉತ್ತರ: ಪಟ್ಟಿ ಕೆಟ್ಟಿಲ್ಲ, ಮ್ಯಾನೇಜರ್ ಸಾಹೇಬರೇ. ಗೋವಾದ ಮೇ ತಿಂಗಳು ಹಾಗಿದೆ. ಸೆಖೆಯಲ್ಲಿ ಮೈ ತಣ್ಣಗಿಡಲು ರಕ್ತ ಚರ್ಮದ ಕಡೆಗೂ ಹೋಗಬೇಕು. ಬೆವರಿ ನೀರು ಕಳೆದುಕೊಂಡರೆ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಅದಕ್ಕೇ ಬಡಿತ ಜಾಸ್ತಿ. ಕಾಲಿನ ಕೆಲಸ ಅಷ್ಟೇ, ಎದೆಗೆ ಖರ್ಚು ಜಾಸ್ತಿ. ಕರಾವಳಿಯ ತೇವದಲ್ಲಿ ಬೆವರು ಆರುವುದೂ ಇಲ್ಲ, ಸುಮ್ನೆ ಸೋರುತ್ತದೆ.

ಪವರ್ ಮೀಟರ್ ಇದ್ದಿದ್ದರೆ ಎರಡೂ ತಿಂಗಳು ಒಂದೇ ವಾಟ್ ತೋರಿಸುತ್ತಿತ್ತು. ಅದಕ್ಕೆ ಸೆಖೆ ಗೊತ್ತಿಲ್ಲ. ಹೃದಯದ ಬಡಿತ ತಡವಾಗಿ ಏರುತ್ತದೆ, ಜೋರಾಗಿ ತುಳಿಯಲು ಶುರು ಮಾಡಿ ಅರ್ಧ ನಿಮಿಷ, ಒಂದು ನಿಮಿಷ ಆದ ಮೇಲೆ. ಚಿಕ್ಕ ಏರುಗಳಲ್ಲಿ ಅದನ್ನು ನಂಬಿ ಪ್ರಯೋಜನವಿಲ್ಲ. ವಾಟ್ ಆ ಕ್ಷಣದ್ದು. ಆದರೆ ನೀವು ತುಳಿಯುವುದು ಸಮುದ್ರ ಪಕ್ಕದ ಸಪಾಟು ರಸ್ತೆ, ಒಂದೇ ಹದದಲ್ಲಿ. ಅಲ್ಲಿ ನಿಮ್ಮ ದೇಹಕ್ಕೆ ಆಗುತ್ತಿರುವ ಖರ್ಚನ್ನು ಹೇಳುವ ಪಟ್ಟಿಯೇ ಹೆಚ್ಚು ಉಪಕಾರಿ. ಮೇ ತಿಂಗಳಲ್ಲಿ 138ರಲ್ಲೇ ಉಳಿಯಿರಿ, ವೇಗ ಎಷ್ಟಾದರೂ ಬೀಳಲಿ. ದುಡ್ಡು ಉಳಿಸಿ ಎರಡನೇ ಬಾಟಲಿ ಸ್ಟ್ಯಾಂಡ್ ಹಾಕಿಸಿಕೊಳ್ಳಿ. ಬಡಿತದ ಜೊತೆ ತಲೆಸುತ್ತು, ಎದೆಯಲ್ಲಿ ಬಿಗಿತ ಏನಾದರೂ ಇದ್ದರೆ ಈ ಕಟ್ಟೆಗೆ ಪತ್ರ ಬರೆಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಈಗ ಥಾಣೆಯ ಯೇವೂರ್ ಗುಡ್ಡ ಹತ್ತುವಷ್ಟು ಚೇತರಿಸಿಕೊಂಡಿದ್ದೇನೆ. ಮಗ ಹುಟ್ಟುಹಬ್ಬಕ್ಕೆ ಎಡ ಕ್ರ್ಯಾಂಕಿನ ಪವರ್ ಮೀಟರ್ ಕೊಡಿಸಿದ. ಆದರೆ ಅದರಲ್ಲಿ ವಾಟ್ ತೀರಾ ಕಡಿಮೆ ಬರುತ್ತದೆ. ನಾನು ಅಷ್ಟು ದುರ್ಬಲಳೇ?
– ನಿವೃತ್ತ ಶಿಕ್ಷಕಿ, ಮುಲುಂಡ್

ಉತ್ತರ: ಟೀಚರ್, ನೀವು ದುರ್ಬಲರಲ್ಲ. ನಿಮ್ಮ ಮೀಟರಿಗೆ ಒಂದೇ ಕಣ್ಣು. ಅದು ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಬಲಗಾಲು ಏನು ಮಾಡುತ್ತಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ನೀವು ನಿಜವಾಗಿ 120 ವಾಟ್ ಕೊಡುತ್ತಿದ್ದೀರಿ, ಎಡಗಾಲಿನ ಪಾಲು ನೂರಕ್ಕೆ 44 ಅಂದುಕೊಳ್ಳಿ. ಎಡಗಾಲಿನದ್ದು ಸುಮಾರು 53. ಪರದೆ ಮೇಲೆ 106. ಬಲಗಾಲು ಪಾಪ 67 ಕೊಟ್ಟೂ ಲೆಕ್ಕದಲ್ಲಿಲ್ಲ. ಕ್ಲಾಸಿನ ಎಡ ಸಾಲಿನ ಹುಡುಗರ ಅಂಕ ನೋಡಿ ಇಡೀ ಕ್ಲಾಸಿನ ಫಲಿತಾಂಶ ಬರೆದ ಹಾಗೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ನಿಮ್ಮ ಎಡಗಾಲು ದಿನೇ ದಿನೇ ಸುಧಾರಿಸುತ್ತಿದೆ. ಆರು ತಿಂಗಳಲ್ಲಿ ಅದರ ಪಾಲು 44ರಿಂದ 48ಕ್ಕೆ ಬಂತು ಅನ್ನಿ. ಒಟ್ಟು ಶಕ್ತಿ ಅದೇ 120 ಇದ್ದರೂ ಮೀಟರ್ 115 ತೋರಿಸುತ್ತದೆ. ಒಂಬತ್ತು ವಾಟ್ ಏರಿತು ಅಂತ ಮನೆಯಲ್ಲಿ ಶೀರಾ ಮಾಡುತ್ತೀರಿ. ಏರಿದ್ದು ಶಕ್ತಿಯಲ್ಲ, ಎಡಬಲದ ಹಂಚಿಕೆ. ಮೊಣಕಾಲಿನ ಮಟ್ಟಿಗೆ ಶೀರಾ ಮಾಡುವ ಸುದ್ದಿಯೇ ಅದು, ಆದರೆ ಬೇರೆ ಸುದ್ದಿ.

ಎರಡೂ ಕಾಲು ಸರಿಸುಮಾರು ಸಮ ಇರುವವರಿಗೆ ಒಂದು ಬದಿಯ ಮೀಟರ್ ಸಾಕು. ನಿಮ್ಮಂಥವರಿಗೆ ಎರಡೂ ಪೆಡಲಿನಲ್ಲಿ ಅಳೆಯುವ ಬಗೆ ಬೇಕಿತ್ತು. ಇಟಲಿಯ ಫವೆರೊ ಅಸ್ಸಿಯೋಮಾ ಪೆಡಲ್‌ಗಳು ಆ ಜಾತಿಯವು, ಬಲ ಎಷ್ಟು, ಎಡ ಎಷ್ಟು ಅಂತ ಬೇರೆ ಬೇರೆ ಹೇಳುತ್ತವೆ. ಹಾಗಂತ ಮಗನ ಉಡುಗೊರೆ ವಾಪಸ್ ಮಾಡಬೇಡಿ, ಅವನಿಗೆ ಬೇಸರವಾಗುತ್ತದೆ. ಅವನ ಸೈಕಲ್ಲಿಗೆ ಈ ಕ್ರ್ಯಾಂಕ್ ಹೊಂದುತ್ತದಾ ಕೇಳಿ. ಹೊಂದಿದರೆ ಅವನೇ ಇಟ್ಟುಕೊಳ್ಳಲಿ, ನಿಮಗೆ ಪೆಡಲ್ ಕೊಡಿಸಲಿ.

ಪ್ರಶ್ನೆ: ಕಾಕಾ, ಎಫ್‌ಟಿಪಿ ಟೆಸ್ಟ್‌ಗೆ 20 ನಿಮಿಷ ನಿಲ್ಲದೆ ತುಳಿಯಬೇಕಂತೆ. ಪಾಮ್ ಬೀಚ್ ರಸ್ತೆಯಲ್ಲಿ ಮೂರು ಸಲ ಪ್ರಯತ್ನಿಸಿದೆ. ಮೂರೂ ಸಲ ಸಿಗ್ನಲ್ ಬಿತ್ತು. ಬೇರೆ ಉಪಾಯ ಇದೆಯಾ? ಈ ಟೆಸ್ಟ್ ಮಾಡಲೇಬೇಕಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ನೆರೂಲ್

ಉತ್ತರ: ಮೊದಲು ಸಿಗ್ನಲಿಗೆ ನಿಂತೆಯಲ್ಲ, ಅದಕ್ಕೆ ಶಭಾಶ್. ಟೆಸ್ಟ್ ಕೆಡುತ್ತದೆ ಅಂತ ಕೆಂಪು ದೀಪ ಹಾರಿಸುವವರಿದ್ದಾರೆ.

ಉಳಿದ ಓದುಗರಿಗಾಗಿ: ಎಫ್‌ಟಿಪಿ ಅಂದರೆ ಸುಮಾರು ಒಂದು ಗಂಟೆ ಹೊತ್ತು ಒಂದೇ ಸಮನೆ ಕೊಡಬಲ್ಲ ಅತಿ ಹೆಚ್ಚಿನ ವಾಟ್. ಇದನ್ನು ಬಳಕೆಗೆ ತಂದವರು ಅಮೆರಿಕದ ಆಂಡ್ರ್ಯೂ ಕಾಗನ್ ಮತ್ತು ಹಂಟರ್ ಆ್ಯಲನ್. ಒಂದು ಗಂಟೆ ಹಾಗೆ ತುಳಿಯುವುದು ಹಿಂಸೆ. ಅದಕ್ಕೇ 20 ನಿಮಿಷ ತುಳಿದು, ಆ ಸರಾಸರಿಯ ನೂರಕ್ಕೆ 95 ಭಾಗ ಹಿಡಿಯುತ್ತಾರೆ. ನನಗೆ 195 ಬಂದಿತ್ತು. ಲೆಕ್ಕಕ್ಕೆ 185.

ಜಾಗಕ್ಕೆ ಎರಡೇ ದಾರಿ. ಒಂದು, ಮನೆಯೊಳಗೇ ಸೈಕಲ್ ಸಿಕ್ಕಿಸಿ ತುಳಿಯುವ ಟ್ರೇನರ್ ಯಂತ್ರ. ಜೋರಾಗಿ ಫ್ಯಾನ್ ಹಾಕಿಕೋ, ಇಲ್ಲದಿದ್ದರೆ ಸೆಖೆಗೇ ಹತ್ತು ಹದಿನೈದು ವಾಟ್ ಬೀಳುತ್ತದೆ. ಇನ್ನೊಂದು, ಘಾಟು. ಏರಿನಲ್ಲಿ ಸಿಗ್ನಲ್ ಇಲ್ಲ, ಕಾಲಿಗೆ ಬಿಡುವೂ ಇಲ್ಲ. ಪುಣೆಯವರು ಇದಕ್ಕೆ ಸಿಂಹಗಡದ ಮೊದಲರ್ಧ ಹಿಡಿಯುತ್ತಾರೆ. ವಾರದ ಮಧ್ಯೆ, ಬೆಳಿಗ್ಗೆ ಆರಕ್ಕೆ. ಭಾನುವಾರ ಎಂಟರ ಮೇಲೆ ಅಲ್ಲಿ ಕಾರುಗಳ ಮೆರವಣಿಗೆ. ನಿನಗೆ ದೂರವಾದರೆ ಯೇವೂರ್ ಇದೆ, ಅಲ್ಲಿನ ಏರು 20 ನಿಮಿಷಕ್ಕೆ ಸಾಲದು. ಎಂಟು ನಿಮಿಷ ಜೋರಾಗಿ, ಇಳಿದು ಹತ್ತು ನಿಮಿಷ ವಿಶ್ರಾಂತಿ, ಮತ್ತೆ ಎಂಟು ನಿಮಿಷ. ಆ ಎರಡರ ಸರಾಸರಿಯ ನೂರಕ್ಕೆ 90 ಹಿಡಿಯುವ ಪದ್ಧತಿಯೂ ಇದೆ. ಏರು ಎಂಟು ನಿಮಿಷಕ್ಕೂ ಸಾಲದಿದ್ದರೆ ಟ್ರೇನರೇ ಗತಿ.

ಮಾಡಲೇಬೇಕಾ? ನಿನ್ನ ವಯಸ್ಸಿನಲ್ಲಿ ಮಾಡು, ಮಜಾ ಇರುತ್ತದೆ. ಆದರೆ ಆ ಅಂಕಿಯನ್ನು ನಾನು ಬಳಸುವುದು ಉಲ್ಟಾ ಕೆಲಸಕ್ಕೆ. ಕಾಗನ್ ಅವರ ಪಟ್ಟಿಯಲ್ಲಿ ಎಫ್‌ಟಿಪಿಯ ನೂರಕ್ಕೆ 56ರಿಂದ 75ರವರೆಗೆ ಎರಡನೇ ವಲಯ. ದಿನವಿಡೀ ಮಾತಾಡಿಕೊಂಡು ತುಳಿಯಬಹುದಾದ ಹದ ಅದು. ನನಗೆ ಅದು 104ರಿಂದ 139. ವಾರದ ನಾಲ್ಕರಲ್ಲಿ ಮೂರು ದಿನ ನಾನು ಆ 139 ದಾಟುವುದಿಲ್ಲ. ಮುಂಚೆ ಪ್ರತಿ ದಿನವೂ ಅರ್ಧಂಬರ್ಧ ಜೋರಾಗಿ ತುಳಿಯುತ್ತಿದ್ದೆ. ಸುಸ್ತೂ ಹೋಗುತ್ತಿರಲಿಲ್ಲ, ಸುಧಾರಣೆಯೂ ಇರಲಿಲ್ಲ. ಬುಧವಾರ ಬೆಳಿಗ್ಗೆ ಪಾಷಾಣ್ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತ ಸೈಕಲ್ ನನ್ನನ್ನು ಹಿಂದಿಕ್ಕುತ್ತದೆ. ಬಿಟ್ಟುಕೊಡುತ್ತೇನೆ. ಅವನಿಗೆ ಆರೂವರೆಯೊಳಗೆ ಹಾಲು ಮುಟ್ಟಿಸಬೇಕು, ನನಗೇನು?

ಪ್ರಶ್ನೆ: ಮೀಟರ್ ಕೆಲವು ದಿನ ಏಕಾಏಕಿ 20–30 ವಾಟ್ ಜಾಸ್ತಿ ತೋರಿಸುತ್ತದೆ. ಆ ದಿನ ನಾನು ನಿಜವಾಗಿಯೂ ಬಲಶಾಲಿಯಾ, ಅಥವಾ ಮೀಟರ್ ಹುಚ್ಚಾ?
– ಬ್ಯಾಂಕ್ ನೌಕರ, ಪಿಂಪ್ರಿ

ಉತ್ತರ: ರಾಯರೇ, ಈ ಪ್ರಶ್ನೆಗೆ ಉತ್ತರಿಸುವ ಮುಂಚೆ ನನ್ನ ಮಾನ ನಾನೇ ಕಳೆದುಕೊಳ್ಳಬೇಕು.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಸರ್ವಿಸ್‌ಗೆ ಕೊಟ್ಟ ಸೈಕಲ್ ತಂದೆ. ಮರುದಿನದಿಂದ ನಾನು ಹುಲಿ. ಸುಮ್ನೆ ತುಳಿದರೂ 160. ಸಿಂಹಗಡದಲ್ಲಿ ಸರಾಸರಿ 185. ವಯಸ್ಸು 59, ಇನ್ನೂ ಏರುತ್ತಿದ್ದೇನೆ! ಗೆಳೆಯರಿಗೆ ಫೋಟೊ ಕಳಿಸಿದೆ, ತಮ್ಮನಿಗೆ ಗೋಕಾಕಕ್ಕೆ ಫೋನ್ ಮಾಡಿದೆ. ಹೆಸರುಕಾಳು ಮೊಳಕೆ ಕಟ್ಟಿ ತಿನ್ನುತ್ತಿದ್ದೆ, ಅದರ ಮಹಿಮೆ ಅಂತ ಮೂರು ಜನಕ್ಕೆ ಉಪದೇಶವನ್ನೂ ಮಾಡಿದೆ.

ಮೂರನೇ ವಾರ ರಾತ್ರಿ ಊಟ ಮಾಡುತ್ತಾ ಏನೋ ಹೊಳೆಯಿತು. ಸಿಂಹಗಡ ಹತ್ತಿದ್ದು 58 ನಿಮಿಷಕ್ಕೆ. ಹೋದ ವರ್ಷವೂ 58. ತೂಕ ಅದೇ, ಗುಡ್ಡ ಅದೇ. ಕೈ ತೊಳೆದು ಬಂದು ಲೆಕ್ಕ ಹಾಕಿದೆ. ಸೈಕಲ್, ಬಾಟಲಿ ಎಲ್ಲ ಸೇರಿ 81 ಕೆ.ಜಿ., 600 ಮೀಟರ್, 3,480 ಸೆಕೆಂಡ್. 137 ವಾಟ್. ಮೇಲೆ 20 ಸೇರಿಸಿದರೆ 157. ಉಳಿದ 28 ವಾಟ್ ಎಲ್ಲಿ ಹೋಯಿತು? ಎಲ್ಲೂ ಹೋಗಿರಲಿಲ್ಲ, ಇರಲೇ ಇಲ್ಲ. ಸರ್ವಿಸ್‌ನಲ್ಲಿ ಕ್ರ್ಯಾಂಕ್ ಬಿಚ್ಚಿ ಮತ್ತೆ ಬಿಗಿದಿದ್ದರು. ನಾನು ಝೀರೋ ಮಾಡಿರಲಿಲ್ಲ.

ಝೀರೋ ಮಾಡುವುದು ಅಂದರೆ, ಪೆಡಲ್ ಮೇಲೆ ಏನೂ ಭಾರ ಇಲ್ಲದಾಗ "ಇದು ಸೊನ್ನೆ" ಅಂತ ಮೀಟರಿಗೆ ಕಲಿಸುವುದು. ಕ್ರ್ಯಾಂಕ್ ಬಿಗಿದಾಗ ಲೋಹದಲ್ಲಿ ಉಳಿದ ಬಿಗಿತವನ್ನೂ ಅದು ಕಾಲಿನ ಶಕ್ತಿ ಅಂತಲೇ ತಿಳಿಯುತ್ತದೆ. ಎಡಗಡೆ ಒಂದೂವರೆ ನ್ಯೂಟನ್ ಮೀಟರ್ (ತಿರುಚುಬಲದ ಅಳತೆ) ತಪ್ಪಿದರೂ, ಎರಡರಿಂದ ಗುಣಿಸಿ ಮೂರು. ನಿಮಿಷಕ್ಕೆ 85 ಸುತ್ತಿನಲ್ಲಿ ಅದು 27 ವಾಟ್. ನನ್ನ ಹುಲಿತನದ ಅಷ್ಟೂ ಲೆಕ್ಕ ಅಲ್ಲೇ ಇತ್ತು. 26 ವರ್ಷ ಸಕ್ಕರೆ ಕಾರ್ಖಾನೆಯವರಿಗೆ "ಬೆಳಿಗ್ಗೆ ಮೊದಲ ಟ್ರ್ಯಾಕ್ಟರ್ ಹತ್ತುವ ಮುಂಚೆ ಝೀರೋ ನೋಡ್ರೀ, ಮಣ್ಣು ಗುಡಿಸ್ರೀ" ಅಂತ ಬೈದ ಮನುಷ್ಯ ನಾನು.

ಬಿಸಿಲಿಗೂ ಇದು ತಪ್ಪುತ್ತದೆ. ಲೋಹ ಕಾದಾಗ ಹಿಗ್ಗುತ್ತದೆ, ಗೇಜ್ ಅದನ್ನು ಭಾರ ಅಂದುಕೊಳ್ಳಬಹುದು. ಒಳ್ಳೆಯ ಮೀಟರ್‌ಗಳಲ್ಲಿ ಉಷ್ಣತೆಯ ತಿದ್ದುಪಡಿ ಇರುತ್ತದೆ, ಆದರೂ ಎಸಿ ರೂಮಿನಿಂದ ಸೈಕಲ್ ತಂದ ತಕ್ಷಣ ಝೀರೋ ಮಾಡಬೇಡಿ. ಹತ್ತು ಹದಿನೈದು ನಿಮಿಷ ಹೊರಗೆ ನಿಲ್ಲಿಸಿ. ಚಹಾ ಕುಡಿಯಿರಿ. ಆಮೇಲೆ ಸೈಕಲ್ ನೆಟ್ಟಗೆ ಹಿಡಿದು, ಕಾಲು ತೆಗೆದು, ಕ್ರ್ಯಾಂಕನ್ನು ಕಂಪನಿಯವರು ಹೇಳಿದ ದಿಕ್ಕಿಗೆ ನಿಲ್ಲಿಸಿ ಬಟನ್ ಒತ್ತಿ. ಬರುವ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನವೂ ಅದರ ಆಸುಪಾಸಿನಲ್ಲೇ ಇರಬೇಕು. ಒಮ್ಮೆಲೇ ದೂರ ಹಾರಿದರೆ ಎಲ್ಲೋ ಸಡಿಲವಾಗಿದೆ.

ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಹಳೆಯ ಸಹೋದ್ಯೋಗಿಯಿಂದ ಸರಕಾರಿ ಮುದ್ರೆ ಬಿದ್ದ 10 ಕೆ.ಜಿ. ಬಟ್ಟು ಒಂದು ದಿನದ ಮಟ್ಟಿಗೆ ತಂದೆ. ಹಿಂದಿನ ಚಕ್ರ ಅಲ್ಲಾಡದಂತೆ ಬ್ರೇಕ್ ಬಿಗಿದು, ಕ್ರ್ಯಾಂಕ್ ಅಡ್ಡ ನಿಲ್ಲಿಸಿ, ಬಟ್ಟನ್ನು ಪೆಡಲಿಗೆ ತೂಗುಹಾಕಿದೆ. ಹತ್ತು ಕೆ.ಜಿ., 9.81, 170 ಮಿ.ಮೀ.: ಬರಬೇಕಾದ್ದು 16.7 ನ್ಯೂಟನ್ ಮೀಟರ್. ನನ್ನ ಮೀಟರಿನ ಆ್ಯಪ್ 16.5 ತೋರಿಸಿತು. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನಾಕೆ, "ಸೈಕಲ್ಲಿಗೂ ಕಬ್ಬು ಹೇರಿದ್ರಾ?" ಅಂದಳು.

ಪ್ರಶ್ನೆ: ಸಿಂಹಗಡ ಹತ್ತಿದ್ದಕ್ಕೆ ಎಷ್ಟು ಪ್ಲೇಟ್ ಕಾಂದಾ ಭಜಿ ತಿನ್ನಬಹುದು? ವಾಟಿನಿಂದ ಲೆಕ್ಕ ಹೇಳಿ.
– ಹೆಸರು ಬೇಡ, ಔಂಧ್

ಉತ್ತರ: ಈ ಸಲದ ಅತಿ ಮುಖ್ಯ ಪ್ರಶ್ನೆ. 157 ವಾಟಿನಲ್ಲಿ 58 ನಿಮಿಷ ತುಳಿದರೆ 546 ಕಿಲೋಜೌಲ್ ಕೆಲಸ. ಒಂದು ಕಿಲೋಕ್ಯಾಲರಿ ಅಂದರೆ 4.18 ಕಿಲೋಜೌಲ್. ನಮ್ಮ ದೇಹ ತಿಂದದ್ದರಲ್ಲಿ ಸುಮಾರು ಕಾಲು ಭಾಗ ಮಾತ್ರ ಪೆಡಲಿಗೆ ಕೊಡುತ್ತದೆ, ಉಳಿದದ್ದು ಬರೀ ಶಾಖ. ಒಂದು ಕಡೆ ನಾಲ್ಕರಿಂದ ಭಾಗ, ಇನ್ನೊಂದು ಕಡೆ ನಾಲ್ಕರಿಂದ ಗುಣಾಕಾರ. ಎರಡೂ ಹೆಚ್ಚುಕಡಿಮೆ ಹೊಡೆದುಹೋಗುತ್ತವೆ. ಮೀಟರಿನ ಕಿಲೋಜೌಲನ್ನೇ ಕ್ಯಾಲರಿ ಅಂತ ಓದಿಕೊಳ್ಳಿ, ನೂರಕ್ಕೆ ಹತ್ತು ಆಚೀಚೆ. ಅಂದರೆ ಸುಮಾರು 550. ಗಡಿಯಾರಗಳು ಬಡಿತ ನೋಡಿ ಊಹಿಸುವ ಲೆಕ್ಕಕ್ಕಿಂತ ಇದು ಎಷ್ಟೋ ನಂಬಿಕಸ್ಥ. ಭಜಿಯ ಕ್ಯಾಲರಿ ಎಣ್ಣೆ ಹಾಕಿದವರ ಕೈಯಲ್ಲಿದೆ. ನಾನು ಪಿಠಲಾ ಭಾಕ್ರಿ ತಿಂದು ಮಡಕೆ ಮೊಸರು ಕುಡಿದು ಇಳಿಯುತ್ತೇನೆ, ಭಜಿ ಗೆಳೆಯನ ತಟ್ಟೆಯಿಂದ.

ಪ್ರಶ್ನೆ: ಮುಳಶಿ ಕಡೆ ಮಳೆಯಲ್ಲಿ ಹೋಗಿ ಬಂದ ಮೇಲೆ ಮೀಟರ್ ಸತ್ತಂತಿದೆ. ಏನು ಮಾಡಲಿ?
– ಔಷಧ ಅಂಗಡಿ ಮಾಲೀಕ, ಹಿಂಜವಡಿ

ಉತ್ತರ: ಗಾಬರಿ ಬೇಡ. ಬ್ಯಾಟರಿ ಮುಚ್ಚಳ ತೆರೆಯಿರಿ. ಒಳಗೆ ನೀರಿನ ಹನಿ ಅಥವಾ ಹಸಿರು ಕಿಲುಬು ಕಂಡರೆ ಮೆತ್ತಗಿನ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಅಕ್ಕಿ ಡಬ್ಬಿಯಲ್ಲಲ್ಲ, ಫ್ಯಾನ್ ಕೆಳಗೆ ತೆರೆದಿಡಿ. ಅಕ್ಕಿಯ ಧೂಳು ಒಳಗೆ ಸೇರುತ್ತದೆ. ಮುಚ್ಚಳದ ಸುತ್ತ ಇರುವ ರಬ್ಬರ್ ರಿಂಗ್ ನೋಡಿ. ಮಡಚಿಕೊಂಡಿದ್ದರೆ, ಸೀಳಿದ್ದರೆ ಹೊಸದು ಹಾಕಿ. ತುಸು ಸಿಲಿಕೋನ್ ಗ್ರೀಸ್ ಸವರಿದರೆ ಒಳ್ಳೆಯದು. ನಾಣ್ಯದ ಆಕಾರದ ಸಿಆರ್2032 ಸೆಲ್ಲನ್ನು ಒಳ್ಳೆ ಕಂಪನಿಯದ್ದೇ ತನ್ನಿ. ರಸ್ತೆ ಬದಿಯ ಅಂಗಡಿಯ ಅಗ್ಗದ ಸೆಲ್ ಹೊಸ ಪ್ಯಾಕೆಟ್‌ನಲ್ಲೂ ಅರ್ಧ ಸತ್ತಿರಬಹುದು. ನಾನು ಒಂದು ಹೆಚ್ಚುವರಿ ಸೆಲ್ಲನ್ನು ನನ್ನಾಕೆಯ ಖಾಲಿ ಕುಂಕುಮದ ಭರಣಿಯಲ್ಲಿ ಹಾಕಿ ಸೀಟಿನ ಕೆಳಗಿನ ಚೀಲದಲ್ಲಿಟ್ಟಿದ್ದೇನೆ. ಮುಚ್ಚಳ ಬಿಗಿಯಾಗಿದೆ, ನೀರು ಹೋಗುವುದಿಲ್ಲ. ಸೆಲ್ ತೆಗೆದಾಗೆಲ್ಲ ಬೆರಳು ಕೆಂಪಾಗುತ್ತದೆ, ಅದೊಂದು ನೋಡಿಕೊಳ್ಳಬೇಕು.